ದವಾಖಾನೆಯ ದಫ್ತರು ಯಾರ ಸೊತ್ತು?

ಹೊಲವನ್ನು ಒತ್ತೆಯಿಡುವ ರೈತನು ಕರಾರುಪತ್ರದ ನಕಲನ್ನು ಕೇಳಿ ಪಡೆಯುತ್ತಾನೆ. ಮನೆಯನ್ನು ಬಾಡಿಗೆಗೆ ಕೊಡುವವನು ಇಬ್ಬರು ಸಾಕ್ಷಿಗಳ ಸಹಿಯನ್ನು ಹಾಕಿಸುತ್ತಾನೆ. ಅಂಚೆಯ ಕಚೇರಿಯಲ್ಲಿ ಹತ್ತು ರೂಪಾಯಿ ಕಟ್ಟಿದವನೂ ರಸೀತಿಯಿಲ್ಲದೆ ಮನೆಗೆ ಮರಳುವುದಿಲ್ಲ. ಆದರೆ ತನ್ನ ದೇಹವನ್ನೇ, ತನ್ನ ಹೆಂಡಿರು ಮಕ್ಕಳ ಪ್ರಾಣವನ್ನೇ ದವಾಖಾನೆಗೆ ಒಪ್ಪಿಸುವಾಗ ಮಾತ್ರ ನಮ್ಮ ಮನುಷ್ಯನು ಯಾವ ಕಾಗದವನ್ನೂ ಕೇಳದೆ ಕೈ ಜೋಡಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಏನು ಔಷಧ ಕೊಟ್ಟರು, ಯಾಕೆ ಕೊಯ್ದರು, ಎಷ್ಟು ಹೊತ್ತಿಗೆ ಯಾರು ಬಂದು ನೋಡಿದರು ಎಂಬುದು ಒಂದು ಕಡತದಲ್ಲಿ ಬರೆದಿರುತ್ತದೆ. ಆ ಕಡತವು ಕಪಾಟಿನಲ್ಲಿರುತ್ತದೆ. ಕಪಾಟಿನ ಕೀಲಿಯು ಕಾರಕೂನನ ಸೊಂಟದಲ್ಲಿರುತ್ತದೆ. ಯಾರ ದೇಹದ ಕಥೆಯನ್ನು ಅದರಲ್ಲಿ ಬರೆದಿದೆಯೋ ಅವನಿಗೆ ಮಾತ್ರ ಅದು ನಿಷಿದ್ಧ. ಈ ವಿಪರೀತವನ್ನು ಕುರಿತು ವಾಚಕರೊಡನೆ ನಾಲ್ಕು ಮಾತುಗಳನ್ನಾಡುವುದು ಅವಶ್ಯವೆಂದು ನಮಗೆ ತೋರಿದೆ.

ಕೆಲವು ವರ್ಷಗಳ ಕೆಳಗೆ ಒಬ್ಬ ನಿವೃತ್ತ ಶಾಲಾಮಾಸ್ತರರು ನಮ್ಮ ಕಚೇರಿಗೆ ಬಂದರು. ಅವರ ಮಗಳು ಒಂದು ಸರಕಾರಿ ದವಾಖಾನೆಯಲ್ಲಿ ಹೆರಿಗೆಯಾದ ರಾತ್ರಿಯೇ ರಕ್ತಸ್ರಾವದಿಂದ ತೀರಿಕೊಂಡಿದ್ದಳು, ಕೂಸು ಉಳಿದಿತ್ತು. ಡಾಕ್ಟರರು ಮನೆಯಲ್ಲಿ ಮಲಗಿದ್ದರೆಂದೂ, ಕರೆದರೂ ಬರಲಿಲ್ಲವೆಂದೂ ಊರೆಲ್ಲ ಸುದ್ದಿಯಾಗಿತ್ತು. ಮಾಸ್ತರರು ಮಗಳ ಚಿಕಿತ್ಸೆಯ ಕಾಗದಗಳನ್ನು ಕೇಳಲು ಹೋದಾಗ ಮೊದಲನೆಯ ಸಲ ‘ಸಾಹೇಬರಿಲ್ಲ’ ಎಂದರು. ಎರಡನೆಯ ಸಲ ‘ಹಾಗೆಲ್ಲ ಕೊಡಲಿಕ್ಕೆ ಬರುವುದಿಲ್ಲ’ ಎಂದರು. ಬರವಣಿಗೆಯಲ್ಲಿ ಕೇಳಿದಾಗ, ‘ಇದು ಮೂರನೆಯವರಿಗೆ ಸಂಬಂಧಿಸಿದ ಮಾಹಿತಿ’ ಎಂದು ಒಂದೇ ಸಾಲಿನ ಉತ್ತರವನ್ನು ಕಳಿಸಿದರು. ಸತ್ತ ಮಗಳಿಗೆ ತಂದೆಯೂ ಮೂರನೆಯವನು, ಗಂಡನೂ ಮೂರನೆಯವನು! ಹಾಗಾದರೆ ಮೊದಲನೆಯವರೂ ಎರಡನೆಯವರೂ ಯಾರು?

“ವಕೀಲಸಾಹೇಬರೆ, ಯಾರನ್ನೂ ಸೆರೆಮನೆಗೆ ಕಳಿಸುವ ಆಸೆ ನನಗಿಲ್ಲ. ಆ ಕೂಸು ನಾಳೆ ದೊಡ್ಡದಾದ ಮೇಲೆ ತನ್ನ ತಾಯಿ ಹೇಗೆ ಸತ್ತಳೆಂದು ಕೇಳುತ್ತದೆ. ಆಗ ನಾನು ಏನು ಹೇಳಲಿ? ಅದಷ್ಟನ್ನು ತಿಳಿಸಿಕೊಡಿರಿ,” ಎಂದು ಅವರು ಅಂದರು.

ಅಳಿಯನ ಸಹಿಯಿಂದ ಅರ್ಜಿ ಹೋಯಿತು. ಮೊದಲನೆಯ ಮೇಲ್ಮನವಿಯೂ ಆಯಿತು. ಐದು ತಿಂಗಳ ಮೇಲೆ ಕಾಗದಗಳು ಕೈಗೆ ಬಂದವು. ಅವುಗಳಲ್ಲಿ ಏನಿತ್ತು? ಡಾಕ್ಟರರು ಮಲಗಿರಲಿಲ್ಲ. ಇಡೀ ರಾತ್ರಿ ಅವರು ಆ ಹೆಣ್ಣುಮಗಳ ಮಗ್ಗುಲಲ್ಲಿಯೇ ಇದ್ದರು. ರಕ್ತ ಬೇಕೆಂದು ಹನ್ನೊಂದು ಗಂಟೆಗೆ ಬರೆದದ್ದು ಇತ್ತು. ದಾಸ್ತಾನಿನಲ್ಲಿ ಆ ಜಾತಿಯ ರಕ್ತವಿಲ್ಲವೆಂದು ದಾದಿಯು ಅದರ ಕೆಳಗೇ ಬರೆದದ್ದು ಇತ್ತು. ಜಿಲ್ಲೆಯ ಊರಿನಿಂದ ವಾಹನ ಬರುವುದಕ್ಕೆ ಮೂರು ತಾಸು ಹಿಡಿದದ್ದು ಇತ್ತು. ಊರು ಯಾರನ್ನು ಶಪಿಸುತ್ತಿತ್ತೋ ಅವರು ನಿರ್ದೋಷಿಗಳಾಗಿದ್ದರು. ದೋಷವಿದ್ದದ್ದು ಬರಿದಾದ ಕಪಾಟಿನಲ್ಲಿ. ಮಾಸ್ತರರು ಆ ಡಾಕ್ಟರರ ಮನೆಗೆ ತಾವಾಗಿಯೇ ಹೋಗಿ ಕೈ ಹಿಡಿದುಕೊಂಡು ಬಂದರು. ಅನಂತರ ಎರಡನೆಯದೊಂದು ಅರ್ಜಿಯನ್ನು ಬರೆದರು: ಕಳೆದ ವರುಷ ಆ ರಕ್ತದ ಪೆಟ್ಟಿಗೆಯು ಎಷ್ಟು ದಿನ ಖಾಲಿಯಾಗಿತ್ತು? ಉತ್ತರವು ಬಂದ ಮೇಲೆ ಊರಿನ ನಾಲ್ಕು ಜನರು ಕೂಡಿ ಕೇಳಿದರು. ಈಗ ಆ ದವಾಖಾನೆಯ ಬಾಗಿಲಲ್ಲಿ ಯಾವ ರಕ್ತವು ಎಷ್ಟಿದೆಯೆಂದು ದಿನಾಲು ಹಲಗೆಯ ಮೇಲೆ ಬರೆಯುತ್ತಾರೆ.

ಈ ಒಂದು ಪ್ರಸಂಗದಲ್ಲಿ ನಮ್ಮ ವಾದವೆಲ್ಲವೂ ಅಡಗಿದೆ. ದವಾಖಾನೆಯಲ್ಲಿರುವ ತಿಳಿವಳಿಕೆಯು ಎರಡು ಬಗೆಯದು. ಒಂದು, ರೋಗಿಯದು; ಅದು ರೋಗಿಗೆ ಸೇರಿದ್ದು, ಅವನು ತೀರಿಕೊಂಡರೆ ಅವನ ಮನೆಯವರಿಗೆ ಸೇರಿದ್ದು. ಇನ್ನೊಂದು, ದವಾಖಾನೆಯದು, ಎಷ್ಟು ಹಾಸಿಗೆ, ಎಷ್ಟು ಡಾಕ್ಟರರು, ಯಾವ ಔಷಧ ಎಷ್ಟಿದೆ, ಎಷ್ಟು ಜನ ಬದುಕಿದರು, ಎಷ್ಟು ಜನ ಸತ್ತರು, ಹಣ ಎಲ್ಲಿ ಹೋಯಿತು ಎಂಬುದು, ಅದು ಸಮಸ್ತ ಜನರಿಗೆ ಸೇರಿದ್ದು. ಮೊದಲನೆಯದನ್ನು ಬೀದಿಗೆ ಹಾಕಕೂಡದು, ಎರಡನೆಯದನ್ನು ಕಪಾಟಿನಲ್ಲಿಡಕೂಡದು. ನಮ್ಮ ಅಧಿಕಾರಿಗಳು ಇವೆರಡನ್ನೂ ಕಲಸಿ, ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ಮುಚ್ಚುತ್ತಾರೆ. ಮೊದಲನೆಯದನ್ನಾದರೋ ರೋಗಿಯಿಂದಲೇ ಮುಚ್ಚುತ್ತಾರೆ.

ಕಾಯಿದೆಯು ಏನು ಹೇಳುತ್ತದೆಂಬುದನ್ನು ನೋಡೋಣ. ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ನೆಯ ಇಸವಿಯ ನಡತೆಯ ನಿಯಮಗಳಂತೆ, ಒಳರೋಗಿಯ ಕಾಗದಗಳನ್ನು ಚಿಕಿತ್ಸೆಯು ಆರಂಭವಾದ ದಿನದಿಂದ ಮೂರು ವರುಷ ಕಾದಿಡಬೇಕು. ರೋಗಿಯಾಗಲಿ ಅವನಿಂದ ಅಧಿಕಾರ ಪಡೆದವರಾಗಲಿ ಕೇಳಿದರೆ ೭೨ ತಾಸುಗಳೊಳಗೆ ಕೊಡಬೇಕು. ೨೦೨೩ರಲ್ಲಿ ಹೊಸ ನಿಯಮಗಳು ಪ್ರಕಟವಾದರೂ ಅದೇ ತಿಂಗಳಲ್ಲಿ ಅವನ್ನು ತಡೆಹಿಡಿದದ್ದರಿಂದ ಹಳೆಯವೇ ನಿಂತಿವೆ. ೧೯೯೬ರಷ್ಟು ಹಿಂದೆಯೇ ಮುಂಬಯಿಯ ಹೈಕೋರ್ಟು, ಚಿಕಿತ್ಸೆಯ ಕಾಗದಗಳನ್ನು ರೋಗಿಗೂ ಅವನ ಹತ್ತಿರದ ಸಂಬಂಧಿಕರಿಗೂ ಕೊಡಲೊಲ್ಲೆವೆನ್ನುವ ಅಧಿಕಾರವು ಡಾಕ್ಟರರಿಗಾಗಲಿ ದವಾಖಾನೆಗಾಗಲಿ ಇಲ್ಲವೆಂದು ಸ್ಪಷ್ಟವಾಗಿ ತೀರ್ಪಿತ್ತಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಮನೋರೋಗಿಗೂ ತನ್ನ ಕಾಗದಗಳನ್ನು ನೋಡುವ ಹಕ್ಕನ್ನು ಕೊಟ್ಟಿದೆ. ಹುಚ್ಚನೆಂದು ಲೋಕವು ದೂರವಿಟ್ಟವನಿಗೆ ಇರುವ ಹಕ್ಕು ಬುದ್ಧಿಯು ಸ್ವಸ್ಥವಾಗಿರುವ ಶಾಲಾಮಾಸ್ತರನಿಗೆ ಇಲ್ಲವೆನ್ನುವುದುಂಟೆ?

ಇನ್ನು ಎರಡನೆಯ ಬಗೆಯ ತಿಳಿವಳಿಕೆ. ಇದಕ್ಕೆ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯೇ ಆಧಾರ. ಅದಕ್ಕೂ ಮೊದಲು, ೨೦೦೦ನೆಯ ಇಸವಿಯಲ್ಲಿಯೇ, ಕರ್ನಾಟಕವು ತನ್ನದೇ ಆದ ಇಂಥದೊಂದು ಕಾಯಿದೆಯನ್ನು ಮಾಡಿತ್ತೆಂಬುದನ್ನು ನಾವು ಅಭಿಮಾನದಿಂದ ನೆನೆಯತಕ್ಕದ್ದಾಗಿದೆ. ೨೦೦೫ರ ಕಾಯಿದೆಯ ನಾಲ್ಕನೆಯ ಕಲಮಿನಂತೆ, ಪ್ರತಿಯೊಂದು ಸರಕಾರಿ ಸಂಸ್ಥೆಯು ತನ್ನ ಅಧಿಕಾರಿಗಳ ಹೆಸರು, ಅವರ ಕರ್ತವ್ಯ, ಸಂಬಳ, ಆಯವ್ಯಯ, ಸಹಾಯಧನದ ವಿವರ ಇವೇ ಮೊದಲಾದ ಸಂಗತಿಗಳನ್ನು ಯಾರೂ ಕೇಳದೆಯೇ ತಾನಾಗಿ ಪ್ರಕಟಿಸಬೇಕು. ಕೇಳಿದ್ದಕ್ಕೆ ೩೦ ದಿನಗಳೊಳಗೆ ಉತ್ತರ ಕೊಡಬೇಕು. ಪ್ರಾಣದ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಿದ್ದರೆ ೪೮ ತಾಸುಗಳೊಳಗೆ. ಈ ಕೊನೆಯ ಮಾತು ದವಾಖಾನೆಗೆ ಅನ್ವಯಿಸುವಷ್ಟು ಮತ್ತಾವ ಕಚೇರಿಗೆ ಅನ್ವಯಿಸೀತು? ಯಾಕೆ ಕೇಳುತ್ತೀಯೆಂದು ಅಧಿಕಾರಿಯು ಕೇಳಕೂಡದು. ಕೊಡದಿದ್ದರೆ, ಕೊಡದಿರಲು ಕಾರಣವುಂಟೆಂದು ಸಿದ್ಧಮಾಡುವ ಭಾರವು ಅವನದೇ. ಸಕಾರಣವಿಲ್ಲದೆ ತಡಮಾಡಿದರೆ ದಿನಕ್ಕೆ ೨೫೦ ರೂಪಾಯಿಯಂತೆ ೨೫,೦೦೦ ರೂಪಾಯಿಯ ವರೆಗೆ ದಂಡವು ಅವನ ಸ್ವಂತ ಕಿಸೆಗೆ ಬೀಳುತ್ತದೆ.

ಖಾಸಗಿ ದವಾಖಾನೆಗಳು ಈ ಬಲೆಯಿಂದ ಹೊರಗುಳಿದವೆಂದು ಕೆಲವರು ಕೈ ಚೆಲ್ಲುತ್ತಾರೆ. ಅದು ಅರ್ಧಸತ್ಯ. ಖಾಸಗಿ ಸಂಸ್ಥೆಗೆ ನೇರವಾಗಿ ಅರ್ಜಿ ಹಾಕಲಿಕ್ಕೆ ಬರುವುದಿಲ್ಲವೆಂಬುದು ನಿಜ. ಆದರೆ ಬೇರೊಂದು ಕಾಯಿದೆಯ ಬಲದಿಂದ ಸರಕಾರವು ಖಾಸಗಿಯವರಿಂದ ಯಾವ ಮಾಹಿತಿಯನ್ನು ಪಡೆಯಬಹುದೋ ಅದೂ ನಾಗರಿಕನಿಗೆ ಸಲ್ಲತಕ್ಕ ಮಾಹಿತಿಯೇ ಎಂದು ಎರಡನೆಯ ಕಲಮಿನಲ್ಲಿ ಬರೆದಿದೆ. ನಮ್ಮಲ್ಲಿ ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯುಂಟು; ೨೦೧೭ರ ನವಂಬರದಲ್ಲಿ, ಡಾಕ್ಟರರ ಮುಷ್ಕರದ ಗದ್ದಲದ ನಡುವೆ, ಬೆಳಗಾವಿಯ ಅಧಿವೇಶನದಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಅದರಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿಯ ಹಾಗೂ ಕುಂದುಕೊರತೆಯ ಪ್ರಾಧಿಕಾರವು ಪ್ರತಿ ಜಿಲ್ಲೆಯಲ್ಲಿಯೂ ಇರಬೇಕು. ಆ ಪ್ರಾಧಿಕಾರವು ಸರಕಾರದ್ದು. ಆದಕಾರಣ ಅದರ ದಫ್ತರು ಜನರದು. ನಿಮ್ಮ ಊರಿನ ಯಾವ ಖಾಸಗಿ ದವಾಖಾನೆಗೆ ನೋಂದಣಿಯಿದೆ, ಕೊನೆಯ ತಪಾಸಣೆಯು ಯಾವಾಗ ಆಯಿತು, ದರಗಳ ಫಲಕವನ್ನು ತೂಗುಹಾಕಿದ್ದಾರೆಯೆ, ಎಷ್ಟು ದೂರುಗಳು ಬಂದವು, ಅವುಗಳ ಗತಿಯೇನಾಯಿತು, ಇವೆಲ್ಲವನ್ನೂ ಆ ಪ್ರಾಧಿಕಾರಕ್ಕೆ ಕೇಳಬಹುದು. ಬಡವರ ಚಿಕಿತ್ಸೆಗೆಂದು ಸರಕಾರದ ಬೊಕ್ಕಸದಿಂದ ಖಾಸಗಿ ದವಾಖಾನೆಗೆ ಎಷ್ಟು ಹಣ ಹೋಯಿತೆಂಬುದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಕೇಳಬಹುದು. ಹಿಂಬಾಗಿಲು ತೆರೆದಿರುವಾಗ ಮುಂಬಾಗಿಲಿಗೆ ಹಣೆ ಚಚ್ಚಿಕೊಳ್ಳುವುದೇತಕ್ಕೆ?

ಇದಕ್ಕೆ ವಿರೋಧವಾಗಿ ಹೇಳುವ ಮಾತುಗಳು ಎರಡಿವೆ. ಎರಡನ್ನೂ ನಾವು ಗೌರವದಿಂದಲೇ ಪರೀಕ್ಷಿಸಬೇಕು.

ಮೊದಲನೆಯದು ರೋಗಿಯ ಮಾನದ ಪ್ರಶ್ನೆ. ಒಬ್ಬಳಿಗೆ ಗರ್ಭಪಾತವಾಗಿರುತ್ತದೆ, ಒಬ್ಬನಿಗೆ ಕ್ಷಯವಿರುತ್ತದೆ, ಇನ್ನೊಬ್ಬನಿಗೆ ಹೆಸರು ಹೇಳಿದರೆ ನೆರೆಯವರು ನೀರು ಕೊಡದಂಥ ರೋಗವಿರುತ್ತದೆ. ಇದನ್ನೆಲ್ಲ ಕೇಳಿದವರಿಗೆ ಕೊಡುವುದು ಪಾಪವೇ ಸರಿ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ೨೦೧೭ರಲ್ಲಿ ಒಮ್ಮತದಿಂದ ಸಾರಿದರು. ಆ ಖಟ್ಲೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೇ ಆಗಿದ್ದರು. ಈ ಹಕ್ಕಿನ ಕೂದಲೂ ಕೊಂಕಬಾರದೆಂಬುದೇ ನಮ್ಮ ಮತ. ಆದರೆ ಖಾಸಗಿತನವು ರೋಗಿಯ ರಕ್ಷೆಗಾಗಿ ಇರುವುದು, ದವಾಖಾನೆಯ ರಕ್ಷೆಗಾಗಿ ಅಲ್ಲ. ‘ಕಳೆದ ವರುಷ ಹೆರಿಗೆಯ ವಿಭಾಗದಲ್ಲಿ ಎಷ್ಟು ಜನ ತೀರಿಕೊಂಡರು?’ ಎಂಬ ಪ್ರಶ್ನೆಯಲ್ಲಿ ಯಾವ ಹೆಣ್ಣುಮಗಳ ಮಾನವು ಹೋಗುತ್ತದೆ? ಹೆಸರನ್ನು ಒರಸಿ ಉಳಿದದ್ದನ್ನು ಕೊಡಬೇಕೆಂದು ಹತ್ತನೆಯ ಕಲಮೇ ಹೇಳುತ್ತದೆ.

ಎರಡನೆಯದು ಡಾಕ್ಟರರ ಮಾನದ ಪ್ರಶ್ನೆ. ಅಂಕಿಗಳನ್ನು ಬಯಲಿಗಿಟ್ಟರೆ ಅಜ್ಞಜನರು ಅಪಾರ್ಥ ಮಾಡಿಕೊಂಡು ಕಲ್ಲು ಹೊಡೆಯುವರೆಂದು ಹೇಳುತ್ತಾರೆ. ದವಾಖಾನೆಗಳ ಮೇಲೆ ಏರಿಹೋಗುವ ಗುಂಪುಗಳ ಕಾಟವು ಸುಳ್ಳಲ್ಲ. ೨೦೦೯ರಲ್ಲಿ ಕರ್ನಾಟಕವು ಅದಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಆದರೆ ಗುಂಪು ಕಲ್ಲೆತ್ತುವುದು ಓದಿದ ಕಾಗದದಿಂದಲೋ, ಕೇಳಿದ ಗಾಳಿಮಾತಿನಿಂದಲೋ? ನಮ್ಮ ಮಾಸ್ತರರ ಊರಿನಲ್ಲಿ ಆ ಡಾಕ್ಟರರನ್ನು ಅಪವಾದಕ್ಕೆ ಒಪ್ಪಿಸಿದ್ದು ಕಪಾಟು, ಬಿಡಿಸಿದ್ದು ಕಾಗದ. ಕತ್ತಲೆಯಲ್ಲಿ ಒಳ್ಳೆಯವನೂ ಕೆಟ್ಟವನೂ ಒಂದೇ ಬಣ್ಣ. ಗುಟ್ಟಿನಿಂದ ಲಾಭವಾಗುವುದು ಕೆಟ್ಟವನಿಗೆ ಮಾತ್ರ.

ಇದನ್ನು ಒಬ್ಬ ಡಾಕ್ಟರನೇ ನೂರು ವರುಷಗಳಿಗೂ ಹಿಂದೆ ಕಂಡುಕೊಂಡಿದ್ದನು. ಅಮೇರಿಕೆಯ ಬೋಸ್ಟನ್ ನಗರದಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರವೈದ್ಯನಿದ್ದನು. ಪ್ರತಿಯೊಬ್ಬ ರೋಗಿಯನ್ನೂ ಅವನು ಮನೆಗೆ ಹೋದ ಮೇಲೆಯೂ ಹಿಂಬಾಲಿಸಿ, ಗುಣವಾಯಿತೋ ಇಲ್ಲವೋ, ಆಗದಿದ್ದರೆ ಯಾರ ತಪ್ಪಿನಿಂದ ಎಂಬುದನ್ನು ಬರೆದಿಟ್ಟು ಪ್ರಕಟಿಸಬೇಕೆಂದು ಅವನು ಹಟ ಹಿಡಿದನು. ತನ್ನ ಸ್ವಂತ ಚಿಕ್ಕ ದವಾಖಾನೆಯಲ್ಲಿ ೧೯೧೧ರಿಂದ ೧೯೧೬ರ ವರೆಗೆ ಬಿಡುಗಡೆಯಾದ ೩೩೭ ರೋಗಿಗಳ ಲೆಕ್ಕವನ್ನು ಅಚ್ಚುಹಾಕಿಸಿ, ಅದರಲ್ಲಿ ೧೨೩ ತಪ್ಪುಗಳಾಗಿವೆಯೆಂದು ತಾನೇ ಜಗತ್ತಿಗೆ ತಿಳಿಸಿದನು. ಜೊತೆಯ ಡಾಕ್ಟರರು ಅವನನ್ನು ಹಗೆಯೆಂದೆಣಿಸಿದರು. ಇಂದಿನ ವೈದ್ಯಲೋಕವು ಅವನನ್ನು ಗುರುವೆಂದು ಸ್ಮರಿಸುತ್ತದೆ. ಅವನ ಮಾತನ್ನು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಇಂಗ್ಲಂಡಿನ ಬ್ರಿಸ್ಟಲ್ ಊರಿನ ದುರಂತವೇ ಸಾಕ್ಷಿ. ಅಲ್ಲಿ ಹಸುಗೂಸುಗಳ ಹೃದಯದ ಶಸ್ತ್ರಕ್ರಿಯೆಯಲ್ಲಿ ಬೇರೆಡೆಗಿಂತ ಹೆಚ್ಚು ಕೂಸುಗಳು ಸಾಯುತ್ತಿದ್ದವು. ಒಳಗಿನ ಕೆಲವರಿಗೆ ಅದು ಗೊತ್ತಿತ್ತು, ತಾಯಿತಂದೆಗಳಿಗೆ ಗೊತ್ತಿರಲಿಲ್ಲ. ೧೯೯೧ರಿಂದ ೧೯೯೫ರ ಅವಧಿಯಲ್ಲಿ ಒಂದು ವರುಷದೊಳಗಿನ ೩೦ರಿಂದ ೩೫ ಕೂಸುಗಳು ಅಧಿಕವಾಗಿ ಸತ್ತವೆಂದು ೨೦೦೧ರಲ್ಲಿ ಸರಕಾರಿ ವಿಚಾರಣೆಯು ತೀರ್ಮಾನಿಸಿತು. ಅಂಕಿಗಳು ಬಾಗಿಲ ಮೇಲಿದ್ದಿದ್ದರೆ ಯಾವ ತಾಯಿಯು ತನ್ನ ಕೂಸನ್ನು ಆ ಮೇಜಿನ ಮೇಲೆ ಮಲಗಿಸುತ್ತಿದ್ದಳು?

ಅಷ್ಟು ದೂರ ಹೋಗುವುದೇತಕ್ಕೆ? ನಮ್ಮ ಬಳ್ಳಾರಿಯನ್ನೇ ನೆನೆಯಿರಿ. ೨೦೨೪ರ ನವಂಬರದಲ್ಲಿ ಅಲ್ಲಿಯ ಸರಕಾರಿ ದವಾಖಾನೆಗಳಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ ಸಂಶಯವು ಬಂದು, ಸರಕಾರವು ಅದರ ಬಳಕೆಯನ್ನು ತಡೆಯಿತು. ಅನಂತರ ಇಡೀ ರಾಜ್ಯದ ಪರಿಶೀಲನೆಯಾಗಿ, ೨೦೨೪ರ ಎಪ್ರಿಲ್‌ದಿಂದ ಡಿಸೆಂಬರದ ವರೆಗೆ ೪೬೪ ತಾಯಂದಿರು ಸತ್ತರೆಂದೂ, ಅವುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಾವುಗಳನ್ನು ತಪ್ಪಿಸಬಹುದಾಗಿತ್ತೆಂದೂ ೨೦೨೫ರಲ್ಲಿ ಸರಕಾರವೇ ಪ್ರಕಟಿಸಿತು. ಈ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ. ಆದರೆ ವಾಚಕರೆ, ಅದು ಐದು ಚಿತೆಗಳು ಉರಿದ ಮೇಲೆ ಬಂದ ಪ್ರಾಮಾಣಿಕತೆ. ಔಷಧದ ಯಾವ ತಂಡವು ಯಾವ ದವಾಖಾನೆಗೆ ಬಂತು, ಅದರ ಪರೀಕ್ಷೆಯ ಫಲವೇನು ಎಂಬುದನ್ನು ಬಂದ ದಿನವೇ ಬಾಗಿಲಿಗೆ ಅಂಟಿಸುವ ರೂಢಿಯಿದ್ದರೆ, ಕೇಳುವ ಕಣ್ಣುಗಳು ಸಾವಿರವಿರುತ್ತಿದ್ದವು. ಸಾವಿನ ಲೆಕ್ಕವು ಮರಣೋತ್ತರ ಪರೀಕ್ಷೆ. ಪ್ರತಿದಿನದ ಪ್ರಕಟಣೆಯೇ ಚಿಕಿತ್ಸೆ.

ಇನ್ನೊಂದು ಗೋಡೆಯು ಇದೆ. ಅದು ಭಾಷೆಯ ಗೋಡೆ. ದಫ್ತರು ತೆರೆದರೂ ಅದರಲ್ಲಿರುವುದು ಇಂಗ್ಲಿಷು. ಶಸ್ತ್ರಕ್ರಿಯೆಗೆ ಒಪ್ಪಿಗೆಯೆಂದು ರೈತನು ಹೆಬ್ಬೆಟ್ಟು ಒತ್ತುವ ಕಾಗದವು ಎಷ್ಟೋ ಕಡೆ ಇಂಗ್ಲಿಷು. ಬಿಡುಗಡೆಯ ದಿನ ಕೈಗೆ ಕೊಡುವ ಚೀಟಿಯೂ ಇಂಗ್ಲಿಷು. ಚಿಕಿತ್ಸೆಯ ಸ್ವರೂಪವನ್ನೂ ಅಪಾಯವನ್ನೂ ಬೇರೆ ದಾರಿಗಳನ್ನೂ ತಿಳಿಯಹೇಳದೆ ಪಡೆದ ಒಪ್ಪಿಗೆಯು ಒಪ್ಪಿಗೆಯೇ ಅಲ್ಲವೆಂದು ಸುಪ್ರೀಂ ಕೋರ್ಟು ೨೦೦೮ರಲ್ಲಿ ಹೇಳಿದೆ. ತಿಳಿಯದ ಭಾಷೆಯಲ್ಲಿ ತಿಳಿಯಹೇಳುವುದು ಹೇಗೆ? ೧೯೫೬ರಲ್ಲಿ ಕನ್ನಡಿಗರು ಒಂದಾದರು. ೧೯೬೩ರಲ್ಲಿ ಕನ್ನಡವು ಕಾಯಿದೆಯಿಂದ ರಾಜಭಾಷೆಯಾಯಿತು. ಕಚೇರಿಯ ಮೊಹರಿನಲ್ಲಿ ಕನ್ನಡವು ಬಂತು. ರೋಗಿಯ ಹಾಸಿಗೆಯ ಹತ್ತಿರ ಇನ್ನೂ ಬಂದಿಲ್ಲ. ರೋಗದ ಶಾಸ್ತ್ರೀಯ ಹೆಸರು ಇಂಗ್ಲಿಷಿನಲ್ಲಿರಲಿ, ಚಿಂತೆಯಿಲ್ಲ. ಆದರೆ ‘ನಿನಗೆ ಇದಾಗಿದೆ, ಇದನ್ನು ಮಾಡಿದೆವು, ಇಂಥ ದಿನ ಬಾ, ಇಂಥ ಲಕ್ಷಣ ಕಂಡರೆ ತಡಮಾಡಬೇಡ’ ಎಂಬ ನಾಲ್ಕು ಸಾಲುಗಳು ಅವನ ಭಾಷೆಯಲ್ಲಿ ಅವನ ಕೈಯಲ್ಲಿರಬೇಕು. ಓದಲಾರದ ಹಕ್ಕು ಹಕ್ಕೇ ಅಲ್ಲ.

ಈ ನಡುವೆ ಹೊಸದೊಂದು ಮೋಡವು ಕವಿದಿದೆ. ಮಾಹಿತಿ ಹಕ್ಕಿನ ಕಾಯಿದೆಯ ಎಂಟನೆಯ ಕಲಮಿನಲ್ಲಿ, ವೈಯಕ್ತಿಕವಾದ ಮಾಹಿತಿಯು ಸಾರ್ವಜನಿಕ ಕಾರ್ಯಕ್ಕೆ ಸಂಬಂಧಿಸದೆ ಇದ್ದರೆ ಮಾತ್ರ ಅದನ್ನು ನಿರಾಕರಿಸಬಹುದಾಗಿತ್ತು. ಶಾಸನಸಭೆಗೆ ಕೊಡಲೇಬೇಕಾದುದನ್ನು ಸಾಮಾನ್ಯನಿಗೂ ಕೊಡಲೇಬೇಕೆಂಬ ಮಾತೂ ಇತ್ತು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ಈ ಎರಡನ್ನೂ ಕಿತ್ತುಹಾಕಿ, ವೈಯಕ್ತಿಕವಾದದ್ದೆಲ್ಲವನ್ನೂ ನಿರಾಕರಿಸಬಹುದೆಂದು ಬರೆಯಿತು. ೨೦೨೫ರ ನವಂಬರದಲ್ಲಿ ಅದು ಜಾರಿಗೆ ಬಂತು. ಡಾಕ್ಟರರ ಹಾಜರಿಯ ಪುಸ್ತಕವನ್ನು ಕೇಳಿದರೆ ‘ಅದು ಅವರ ವೈಯಕ್ತಿಕ’ ಎನ್ನಬಹುದು. ಔಷಧದ ಗುತ್ತಿಗೆಗೆ ಸಹಿ ಹಾಕಿದವರಾರೆಂದರೆ ‘ಅದೂ ವೈಯಕ್ತಿಕ’ ಎನ್ನಬಹುದು. ಆದರೂ ನಿರಾಶರಾಗಬೇಕಾಗಿಲ್ಲ. ಅದೇ ಕಲಮಿನ ಎರಡನೆಯ ಉಪಕಲಮು ಉಳಿದುಕೊಂಡಿದೆ: ಮುಚ್ಚುವುದರಿಂದ ಕಾಯುವ ಹಿತಕ್ಕಿಂತ ತೆರೆಯುವುದರಿಂದಾಗುವ ಜನಹಿತವು ಹೆಚ್ಚಾದರೆ ಕೊಡಬಹುದು. ಇನ್ನು ಮೇಲೆ ಅರ್ಜಿದಾರನು ಜನಹಿತವನ್ನು ತಾನೇ ಎತ್ತಿ ತೋರಿಸಬೇಕಾದೀತು. ಕೆಲಸವು ಕಷ್ಟವಾಯಿತು, ಆದರೆ ನಿಂತುಹೋಗಲಿಲ್ಲ. ಹಳೆಯ ಮಾತುಗಳನ್ನು ಮತ್ತೆ ಸೇರಿಸಬೇಕೆಂದು ನಮ್ಮ ಲೋಕಸಭೆಯ ಸದಸ್ಯರನ್ನು ಒತ್ತಾಯಿಸುವುದು ಪ್ರತಿಯೊಂದು ಊರಿನ ಕರ್ತವ್ಯವಾಗಿದೆ.

ಹಾಗಾದರೆ ನಾವು ಮಾಡತಕ್ಕದ್ದೇನು? ಸಭೆ, ಠರಾವು, ಮೆರವಣಿಗೆಗಳಿಗಿಂತ ಮೊದಲು ಒಂದು ಚಿಕ್ಕ ಕೆಲಸವಿದೆ. ನಮ್ಮ ರಾಜ್ಯದ ನಿಯಮದಂತೆ ಮಾಹಿತಿಯ ಅರ್ಜಿಯು ಒಂದೇ ವಿಷಯವನ್ನು ಕುರಿತು ೧೫೦ ಶಬ್ದಗಳೊಳಗಿರಬೇಕು. ಶುಲ್ಕ ೧೦ ರೂಪಾಯಿ. ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ನೂರೈವತ್ತು ಶಬ್ದಗಳಲ್ಲಿ ಒಂದು ವಿಷಯವನ್ನು ಅಚ್ಚುಕಟ್ಟಾಗಿ ಬರೆಯುವ ವಿದ್ಯೆ ನಮ್ಮ ಶಾಲಾಮಾಸ್ತರರಿಗಿಂತ ಹೆಚ್ಚಾಗಿ ಮತ್ತಾರಿಗೆ ಗೊತ್ತು? ಪ್ರತಿ ಊರಿನಲ್ಲಿ ನಾಲ್ವರು ಕೂಡಲಿ. ತಮ್ಮ ಸರಕಾರಿ ದವಾಖಾನೆಗೆ ಮಂಜೂರಾದ ಡಾಕ್ಟರರೆಷ್ಟು, ಇರುವವರೆಷ್ಟು ಎಂದು ಒಂದು ತಿಂಗಳು ಕೇಳಲಿ. ಔಷಧದ ದಾಸ್ತಾನನ್ನು ಇನ್ನೊಂದು ತಿಂಗಳು. ಆರೋಗ್ಯ ರಕ್ಷಾ ಸಮಿತಿಯ ಜಮಾಖರ್ಚನ್ನು ಮತ್ತೊಂದು ತಿಂಗಳು. ಬಂದ ಉತ್ತರವನ್ನು ವಾಚನಾಲಯದ ಗೋಡೆಗೆ ಅಂಟಿಸಲಿ. ಕೊರತೆ ಕಂಡರೆ ಮೊದಲು ಡಾಕ್ಟರರನ್ನೇ ಕಂಡು ಕೇಳಲಿ. ಎಷ್ಟೋ ಕಡೆ ಅವರೇ ಮೊದಲನೆಯ ಸಾಕ್ಷಿಯಾಗುವರು. ಮನೆಯಲ್ಲಿ ಯಾರಾದರೂ ದವಾಖಾನೆಯಿಂದ ಬಿಡುಗಡೆಯಾದರೆ ಕಾಗದಗಳ ನಕಲನ್ನು ಅಂದೇ ಕೇಳಲಿ. ಜಗಳಕ್ಕಾಗಿ ಅಲ್ಲ, ಮುಂದಿನ ಚಿಕಿತ್ಸೆಗಾಗಿ.

ನಮ್ಮ ಮಾಸ್ತರರು ಆ ಕಾಗದಗಳನ್ನು ಒಂದು ಲಕೋಟೆಯಲ್ಲಿಟ್ಟು ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದಾರೆ. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳು ಕೇಳುವ ದಿನ ಬಂದಾಗ ಅಜ್ಜನು ಗಾಳಿಮಾತನ್ನು ಹೇಳಬೇಕಾಗಿಲ್ಲ, ‘ನಿನ್ನ ತಾಯಿಯನ್ನು ಉಳಿಸಲು ಒಬ್ಬರು ರಾತ್ರಿಯೆಲ್ಲ ಹೆಣಗಿದರು, ಆದರೆ ಪೆಟ್ಟಿಗೆಯಲ್ಲಿ ರಕ್ತವಿರಲಿಲ್ಲ, ಈಗ ಇರುತ್ತದೆ’ ಎಂದು ಹೇಳಬಹುದು. ನಾಡಿನ ಪ್ರತಿಯೊಂದು ಮನೆಗೂ ಇಷ್ಟು ಹೇಳುವ ಹಕ್ಕಿದೆ. ಅದನ್ನು ಕೇಳಿ ಪಡೆಯೋಣ.